ದಾರಿಹೋಕನ ತಂಗುದಾಣ

ಹಗಲಿನ ಪಯಣವನ್ನು ಮನುಷ್ಯನು ತನ್ನ ಕಾಲ ಬಲದಿಂದಲೇ ಸಾಗಿಸಬಲ್ಲನು. ಇರುಳಿನ ವಿಶ್ರಾಂತಿಗೆ ಮಾತ್ರ ಅವನಿಗೆ ಇನ್ನೊಬ್ಬರ ಸೂರು ಬೇಕು. ಆದುದರಿಂದ ಅಪರಿಚಿತನಾದ ಪಯಣಿಗನಿಗೆ ಒಂದು ನಾಡು ಎಂತಹ ತಂಗುದಾಣವನ್ನು ಕಲ್ಪಿಸಿತೆಂಬುದು ಆ ನಾಡಿನ ಸಂಸ್ಕೃತಿಗೆ ಒರೆಗಲ್ಲು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಪರಿಸರದಲ್ಲಿ ಈ ಕಥೆಯು ಸಾವಿರ ವರ್ಷಗಳಿಗೂ ಹಿಂದಿನದು.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಒಮ್ಮೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಿತು. ಅರಬ್ಬೀ ಲೇಖಕರೂ ಅದನ್ನು ‘ಮಾನಕೀರ’ವೆಂದು ಹೆಸರಿಸಿದ್ದಾರೆ. ಚಿತ್ತಾಪುರಕ್ಕೆ ಸಮೀಪದ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಪ್ರಸಿದ್ಧ ಘಟಿಕಾಸ್ಥಾನವಿದ್ದಿತು. ಅಲ್ಲಿನ 1058ರ ಶಾಸನವು ವೇದಾಧ್ಯಯನದ 200 ವಿದ್ಯಾರ್ಥಿಗಳಿಗೂ, ಶಾಸ್ತ್ರಾಧ್ಯಯನದ ಸುಮಾರು 50 ವಿದ್ಯಾರ್ಥಿಗಳಿಗೂ, ಅವರ ಗುರುಗಳಿಗೂ, ಆರು ಮಂದಿ ಗ್ರಂಥಪಾಲಕರಿಗೂ ಮಾಡಿದ್ದ ಏರ್ಪಾಡನ್ನು ತಿಳಿಸುತ್ತದೆ. ದೂರದಿಂದ ಬಂದವನಿಗೆ ಅನ್ನ, ವಸತಿಗಳಿಲ್ಲದೆ ವಿದ್ಯೆಯು ದಕ್ಕದೆಂಬುದನ್ನು ಆ ಕಾಲದ ದಾನಿಗಳು ಬಲ್ಲವರಾಗಿದ್ದರು.

ಮುಂದಿನ ಶತಮಾನಗಳಲ್ಲಿ ಊರ ಚಾವಡಿ, ಹನುಮಂತನ ಗುಡಿಯ ಕಟ್ಟೆ, ಮಠ, ಧರ್ಮಶಾಲೆ, ಸರಾಯಿಗಳು ಪಯಣಿಗರಿಗೆ ಆಶ್ರಯವಾದವು. ಮಠದ ದಾಸೋಹದಲ್ಲಿ ಜೋಳದ ರೊಟ್ಟಿ, ಬೇಳೆಯ ಸಾರು; ಮಲಗಲು ಶಹಾಬಾದಿನ ನುಣುಪಾದ ಫರಸಿಕಲ್ಲಿನ ನೆಲ. ಬೇಸಗೆಯ ಧಗೆಯಲ್ಲಿ ಬಳಲಿದವನಿಗೆ ಆ ತಂಪುಗಲ್ಲಿಗಿಂತ ಮಿಗಿಲಾದ ಹಾಸಿಗೆ ಇನ್ನಾವುದಿದ್ದೀತು?

ಆದರೆ ಈ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ. ‘ಯಾವ ಊರು?’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾವ ಮಂದಿ?’ ಎಂಬ ಪ್ರಶ್ನೆಯೂ ಬರುತ್ತಿದ್ದಿತು. ಅಸ್ಪೃಶ್ಯರೆನಿಸಿಕೊಂಡವರು ಎಷ್ಟೇ ದಣಿದಿದ್ದರೂ ಅಗಸಿಯ ಹೊರಗೆ ತಮ್ಮವರ ಕೇರಿಯನ್ನು ಅರಸಬೇಕಾಗಿದ್ದಿತು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗವು ತೆರೆಯಿತು. ಚಿತ್ತಾಪುರ, ಸೇಡಂಗಳು ಆ ಮಾರ್ಗದ ನಿಲ್ದಾಣಗಳಾದವು. ವಾಡಿಯು ಜಂಕ್ಷನ್ ಆಯಿತು. ರಾತ್ರಿ ಬಂಡಿಗಾಗಿ ಕಾಯುವವನು ನಿಲ್ದಾಣದಲ್ಲಿಯೇ ಗಂಟನ್ನು ತಲೆದಿಂಬಾಗಿಸಿ ಒರಗಿದನು. ಟಿಕೆಟು ಜಾತಿಯನ್ನು ಕೇಳುತ್ತಿರಲಿಲ್ಲ. ಹಾಗೆಂದು ಭೇದವು ಅಳಿಯಿತೆನ್ನುವಂತಿಲ್ಲ. ದೇಶದ ಹಲವು ನಿಲ್ದಾಣಗಳಲ್ಲಿ ಕುಡಿಯುವ ನೀರನ್ನು ಸಹ ಮತಾನುಸಾರ ಬೇರೆಬೇರೆಯಾಗಿ ಹಂಚುತ್ತಿದ್ದರು.

ರೈಲಿನಿಂದ ಇಳಿದ ಮೇಲೆ ಸೂರು ಸಿಗದ ಸಂಕಟವು ಎಂತಹದೆಂಬುದನ್ನು ಡಾ. ಬಿ. ಆರ್. ಅಂಬೇಡ್ಕರರು ಸ್ವತಃ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ ಉನ್ನತ ಶಿಕ್ಷಣ ಪಡೆದು ಬಂದ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಹೋದರು. ಅಲ್ಲಿ ಬೇರೆಡೆ ಇಂಬು ದೊರೆಯದೆ ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರಿನಿಂದ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆಗಳನ್ನು ಹಿಡಿದ ಗುಂಪೊಂದು ಬಂದು ಅವರನ್ನು ಹೊರದೂಡಿತು. ಇಡೀ ನಗರದಲ್ಲಿ ಅವರಿಗೊಂದು ಕೋಣೆ ದೊರೆಯಲಿಲ್ಲ. ಉದ್ಯಾನವೊಂದರಲ್ಲಿ ಹೊತ್ತು ಕಳೆದು ಅವರು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು.

ಅದೇ ಅಂಬೇಡ್ಕರರು ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಯಾವ ನಾಗರಿಕನ ಪ್ರವೇಶವನ್ನೂ ಜಾತಿ, ಮತಗಳ ಕಾರಣದಿಂದ ತಡೆಯಕೂಡದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳನ್ನು ಸಹ ಹೆಸರಿಸಿತು.

ಇಂದು ಈ ಊರುಗಳಿಗೆ ಸಿಮೆಂಟು ಕಾರ್ಖಾನೆಯ ಕೆಲಸಕ್ಕೆ, ಕಲ್ಲುಗಣಿಗೆ, ವ್ಯಾಪಾರಕ್ಕೆ ಹೊರಗಿನವರು ಬರುತ್ತಾರೆ. ರೈಲು ಕಾಣದ ಚಿಂಚೋಳಿಗೂ, 2011ರಲ್ಲಿ ವನ್ಯಜೀವಿಧಾಮವಾದ ಅಲ್ಲಿನ ಕಾಡನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಕಾನೂನು ಬಾಗಿಲನ್ನು ತೆರೆಸಬಲ್ಲುದು; ‘ಬರ್ರಿ, ಕೂಡ್ರಿ’ ಎಂದು ತಂಬಿಗೆ ನೀರು ಕೊಡುವ ಮನಸ್ಸನ್ನು ಮಾತ್ರ ಮನೆ, ಶಾಲೆಗಳೇ ಬೆಳೆಸಬೇಕು. ಹಿರಿಯರ ದಾಸೋಹವು ಬಂದವನ ಹಸಿವನ್ನು ಕೇಳಿದ ಬಳಿಕ ಬೇರೇನನ್ನೂ ಕೇಳದಾದಾಗಲೇ ಆತಿಥ್ಯವೆಂಬ ಮಾತು ಪೂರ್ಣಾರ್ಥವನ್ನು ಪಡೆಯುವುದು.

ಪದಗಳ ಅರ್ಥ
ಒರೆಗಲ್ಲು – ಚಿನ್ನವನ್ನು ಪರೀಕ್ಷಿಸುವ ಕಲ್ಲು. ಅಗಸಿ – ಊರ ಹೆಬ್ಬಾಗಿಲು. ಇಂಬು – ಆಶ್ರಯ, ಸ್ಥಳ

ಪ್ರಶ್ನೆಗಳು
1. ನಾಗಾವಿಯ ಶಾಸನವು ಯಾವ ಏರ್ಪಾಡನ್ನು ತಿಳಿಸುತ್ತದೆ?
2. ಬರೋಡಾದಲ್ಲಿ ಅಂಬೇಡ್ಕರರಿಗೆ ಒದಗಿದ ಸಂಕಟವನ್ನು ವಿವರಿಸಿರಿ.
3. ‘ಕಾನೂನು ಬಾಗಿಲನ್ನು ತೆರೆಸಬಲ್ಲುದು’ – ಈ ಮಾತಿನ ಸ್ವಾರಸ್ಯವನ್ನು ಬರೆಯಿರಿ.