ಪಟ್ಟೆ ಸೀರೆ ಒಗೆದರೆ ಮಡಿ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ಅತ್ತೆಯವರು ಪೂಜೆಗೆಂದೇ ಇಟ್ಟುಕೊಂಡಿದ್ದ ಸಣ್ಣ ಅಂಚಿನ ಪಟ್ಟೆ ಸೀರೆ ಈಗ ನನ್ನ ಬಳಿ ಇದೆ. "ಪಟ್ಟೆಗೆ ಮೈಲಿಗೆಯಿಲ್ಲ, ನೀರಿಗೆ ಹಾಕಬೇಡ" ಎನ್ನುತ್ತಿದ್ದರು. ಕಳೆದ ಗೌರಿಹಬ್ಬದಲ್ಲಿ ಸೆರಗಿಗೆ ತುಪ್ಪ, ಅರಿಶಿನ ಚೆಲ್ಲಿತು. ಡ್ರೈಕ್ಲೀನಿಂಗಿಗೆ ಕೊಟ್ಟೆ. ಕಲೆ ಪೂರ್ತಿ ಹೋಗಲಿಲ್ಲ. "ಹತ್ತು ಜನರ ಬಟ್ಟೆ ಜೊತೆ ಸೇರಿದ ಸೀರೆ, ಇನ್ನು ದೇವರ ಮುಂದೆ ಉಡೋ ಹಾಗಿಲ್ಲ" ಎಂದರು ನಮ್ಮ ನಾದಿನಿ. ಅವರ ಅಮ್ಮನ ಸೀರೆಯನ್ನು ನಾನೇ ಕೆಡಿಸಿಬಿಟ್ಟೆನೇ ಎಂದು ಸಂಕಟವಾಗುತ್ತಿದೆ. ಮನೆಯಲ್ಲೇ ಒಗೆಯಬಹುದೇ?
– ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಮೊದಲು ಸಂಕಟ ಬಿಡಿ. ಸೀರೆ ಕೆಟ್ಟಿಲ್ಲ, ನಿಮ್ಮಿಂದ ಅಪಚಾರವೂ ಆಗಿಲ್ಲ.

"ಪಟ್ಟೆಗೆ ಮೈಲಿಗೆಯಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಹತ್ತಿ ಬಟ್ಟೆಯನ್ನು ದಿನಾ ಒಗೆದು, ಒಣಗಿಸಿದರಷ್ಟೇ ಮಡಿ. ಪಟ್ಟೆಯನ್ನು, ಮಗುಟವನ್ನು ಹಾಗೆ ದಿನಾ ಒಗೆಯಬೇಕಿಲ್ಲ ಎಂಬುದೇ ಅದರ ಅರ್ಥ. ಎಂದೂ ಒಗೆಯಲೇಬಾರದು ಎಂದು ಅಲ್ಲ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಭಾಗವಿದೆ. ಅಲ್ಲಿ ಒಂದೊಂದು ಬಟ್ಟೆಗೂ ಒಂದೊಂದು ಬಗೆಯ ಶುದ್ಧಿ ಹೇಳಿದೆ. ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಕಂಬಳಿಗೆ ಅಂಟುವಾಳ, ನವಿರಾದ ಅಂಶುಪಟ್ಟಕ್ಕೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿ ಸಾಸಿವೆ. ಯಾಜ್ಞವಲ್ಕ್ಯ ಸ್ಮೃತಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರೇಷ್ಮೆಯನ್ನು ತೊಳೆಯಲೇಬಾರದು ಅಂತಿದ್ದರೆ ತೊಳೆಯುವ ವಿಧಾನ ಯಾಕೆ ಹೇಳುತ್ತಿದ್ದರು? ಬಟ್ಟೆಯ ಗುಣ ನೋಡಿ ಶುದ್ಧಿ ಮಾಡಿ ಅನ್ನುವುದೇ ಅವರ ಮಾತಿನ ತಾತ್ಪರ್ಯ.

ಇನ್ನು ಬಟ್ಟೆಯ ಗುಣ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೊಟೀನಿನಿಂದ ಆದದ್ದು. ರಕ್ತ, ಹಾಲಿನಂಥ ಕಲೆ ತೆಗೆಯಲು ಎಷ್ಟೋ ವಾಷಿಂಗ್ ಪೌಡರುಗಳಲ್ಲಿ ಪ್ರೊಟೀನನ್ನು ಕರಗಿಸುವ ಕಿಣ್ವ ಹಾಕಿರುತ್ತಾರೆ. ಅದು ಕಲೆಯ ಜೊತೆಗೆ ರೇಷ್ಮೆಯನ್ನೂ ತಿನ್ನುತ್ತದೆ. ಸೋಡಾ, ಬ್ಲೀಚು, ಬಿಸಿನೀರು ಕೂಡ ಅದಕ್ಕೆ ಶತ್ರುಗಳೇ. ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ: ತಲೆಗೆ ಹಾಕಿಕೊಳ್ಳಲು ಹೆದರುವುದನ್ನು ಪಟ್ಟೆಗೂ ಹಾಕಬೇಡಿ. ನಮ್ಮ ಅಜ್ಜಿಯರು ಅಂಟುವಾಳ ಹಿಡಿದಿದ್ದು ಇದಕ್ಕೇ.

ಒಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಸೀರೆಯ ಒಳ ತುದಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮನೆಯಲ್ಲಿ ಒಗೆಯುವುದು ಬೇಡ. ಜರಿ ಹೆಚ್ಚಿರುವ ಸೀರೆಯೂ ಬೇಡ. ಮೈಸೂರು ಕ್ರೇಪ್ ರೇಷ್ಮೆಯದು ಹುರಿ ಹೆಚ್ಚು ಹಾಕಿದ ನೂಲು, ನೀರು ಬಿದ್ದರೆ ಕುಗ್ಗುತ್ತದೆ. ಅದನ್ನೂ ಡ್ರೈಕ್ಲೀನಿಂಗಿಗೇ ಕೊಡಿ. ಹಳೆಯ ಸೀರೆಯ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟಿದ್ದರೆ ನೀರಿಗೆ ಹಾಕಬೇಡಿ.

ಪರೀಕ್ಷೆಯಲ್ಲಿ ಪಾಸಾದರೆ ಹೀಗೆ ಮಾಡಿ. ಐದಾರು ಅಂಟುವಾಳದ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಒಂದು ಚೊಂಬು ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸೀರೆಗೇ ಕಂದು ಕಲೆ ಕೂರುತ್ತದೆ. ಅದನ್ನು ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ, ಸೀರೆಯನ್ನು ಮೂರು ನಾಲ್ಕು ನಿಮಿಷ ಮೆಲ್ಲಗೆ ಮುಳುಗಿಸಿ ಎತ್ತಿ. ಉಜ್ಜಬೇಡಿ, ಹಿಂಡಬೇಡಿ, ಕಲ್ಲಿಗೆ ಬಡಿಯುವುದಂತೂ ದೂರದ ಮಾತು. ಎರಡು ಮೂರು ಸಲ ತಣ್ಣೀರಿನಲ್ಲಿ ಜಾಲಿಸಿ. ದಪ್ಪ ಟವೆಲಿನ ಮೇಲೆ ಹಾಸಿ, ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಬಣ್ಣ ಹೋಗುತ್ತದೆ. ತುಸು ಪಸೆ ಇರುವಾಗಲೇ ಮಗ್ಗುಲು ತಿರುಗಿಸಿ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ.

ಕಲೆಗಳ ವಿಷಯ. ತುಪ್ಪ, ಎಣ್ಣೆ ಬಿದ್ದ ಕೂಡಲೇ ಕಡಲೆಹಿಟ್ಟನ್ನೋ ಟಾಲ್ಕಂ ಪೌಡರನ್ನೋ ಉದುರಿಸಿ, ಕೆಲವು ಗಂಟೆ ಬಿಟ್ಟು ಮೆಲ್ಲಗೆ ಕೊಡವಿ. ಕುಂಕುಮ ಬಿದ್ದರೆ ಮೊದಲು ಒಣಗಿದ ಹಾಗೇ ಕೊಡವಬೇಕು, ನೀರು ಮುಟ್ಟಿಸಿದರೆ ಹರಡುತ್ತದೆ. ಅರಿಶಿನದ ಕಲೆಗೆ ಸೋಪು ಹಚ್ಚಬೇಡಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮದ ಕೆಂಪು ಬರುವುದು ನಿಮಗೆ ಗೊತ್ತೇ ಇದೆ. ಸೋಪಿನ ಕ್ಷಾರವೂ ಅದೇ ಕೆಲಸ ಮಾಡುತ್ತದೆ. ನಿಮ್ಮ ಸೆರಗಿನಲ್ಲಿ ಉಳಿದಿರುವ ಮಾಸಲು ಹಳದಿಯನ್ನು ಹಾಗೇ ಬಿಡಿ. ಅದನ್ನು ತೆಗೆಯಲು ಹೋಗಿ ಎಳೆ ಕೀಳಬೇಡಿ. ಗೌರಿಯ ಮುಂದೆ ಬಿದ್ದ ಅರಿಶಿನ ತಾನೇ, ಅದು ಕೊಳೆಯಲ್ಲ.

ಡ್ರೈಕ್ಲೀನಿಂಗಿನ ಬಗ್ಗೆ ನಾದಿನಿಯವರ ಆತಂಕವನ್ನು ತಳ್ಳಿಹಾಕಬೇಡಿ, ಅವರೂ ಆಚಾರದ ಮೇಲಿನ ಗೌರವದಿಂದಲೇ ಹೇಳಿದ್ದಾರೆ. ಪರಿಹಾರ ಸುಲಭ. ಅಂಗಡಿಯಿಂದ ಬಂದ ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಒಂದು ದಿನ ನೆರಳಿನಲ್ಲಿ ಗಾಳಿಗೆ ಹಾಕಿ. ನೀರು ತಡೆಯುವ ಸೀರೆಯಾದರೆ ಒಮ್ಮೆ ಶುದ್ಧ ನೀರಿನಲ್ಲಿ ಅದ್ದಿ ಒಣಗಿಸಿ. ತಡೆಯದಿದ್ದರೆ ಪ್ರೋಕ್ಷಣೆ ಸಾಕು. ಬಟ್ಟೆ ರಾಶಿಯಾಗಿದ್ದರೆ ನೀರು ಚಿಮುಕಿಸಿದರೆ ಶುದ್ಧಿ, ಕಡಿಮೆಯಿದ್ದರೆ ತೊಳೆಯಬೇಕು ಎಂದು ಸ್ಮೃತಿಯೇ ಸಂದರ್ಭ ನೋಡಿ ಹೇಳಿದೆ.

ಎತ್ತಿಡುವಾಗ ಒಗೆದ ಹಳೆಯ ಪಂಚೆಯಲ್ಲಿ ಸುತ್ತಿಡಿ. ಪೂಜೆ ಮುಗಿದ ತಕ್ಷಣ ಬೆವರಿನ ಸೀರೆಯನ್ನು ಬೀರುವಿಗೆ ತುರುಕಬೇಡಿ, ಗಾಳಿಗೆ ಆರಿಸಿ ಇಡಿ. ಬೆವರು, ನೈವೇದ್ಯದ ಜಿಡ್ಡು ಇದ್ದಲ್ಲೇ ಹುಳು ಮೊದಲು ಬರುವುದು. ನುಸಿ ಗುಳಿಗೆ ಜರಿಗೆ ತಾಗಬಾರದು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದು ದಿನ ಸೀರೆ ಜೀರ್ಣವಾಗಿ ಉಡಲಾಗದಂತಾದರೂ ಎಸೆಯಬೇಡಿ. ಪಾರಾಯಣದ ಗ್ರಂಥಕ್ಕೆ ಸುತ್ತುವ ಬಟ್ಟೆಯಾದೀತು.

ಕೊನೆಯದಾಗಿ, ಮನೆಯಲ್ಲಿ ಪಟ್ಟೆ ಇಲ್ಲದವರೂ ಈ ಅಂಕಣ ಓದುತ್ತಾರೆ. ಒಗೆದು ಒಣಗಿಸಿದ ಹತ್ತಿ ಸೀರೆ ದೇವರಿಗೆ ಯಾವ ಪಟ್ಟೆಗೂ ಕಡಿಮೆಯಲ್ಲ. ನೀವಂತೂ, ತಾಯಿ, ಈ ಸಲದ ಗೌರಿಹಬ್ಬಕ್ಕೆ ಅದೇ ಸೀರೆ ಉಡಿ. ಉಟ್ಟು, ಮೊದಲ ಬಾಗಿನವನ್ನು ನಾದಿನಿಗೇ ಕೊಡಿ. ಅಮ್ಮನ ಸೆರಗು ಕಂಡಾಗ ಅವರ ಮನಸ್ಸೂ ತಿಳಿಯಾದೀತು.