ಮೂಲವ್ಯಾಧಿ: ಸಂಕೋಚ ಬಿಟ್ಟು ತಿಳಿಯಬೇಕಾದ ಸಂಗತಿಗಳು



ಮಳೆಗಾಲಕ್ಕೆ ಮುಂಚೆಯೇ ಬೋರ್ಡೋ ದ್ರಾವಣ ಸಿಂಪಡಿಸಿ ಕೊಳೆರೋಗವನ್ನು ತಡೆಯುವ ನಾವು, ಮಲದ ಜೊತೆ ರಕ್ತ ಬಿದ್ದರೆ ಮಾತ್ರ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಹೆಂಗಸರಂತೂ ಮನೆಯವರಿಗೂ ಹೇಳುವುದಿಲ್ಲ. ಕೊನೆಗೆ ತಡೆಯಲಾರದೆ ಬೆಂಗಳೂರಿಗೆ ಹೊರಟವರಿಗೆ, ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಬಾಗಲಗುಂಟೆ, ದಾಸರಹಳ್ಳಿ, ಯಶವಂತಪುರಗಳ ಕಡೆ ಬರುವಾಗ 'ನೋವಿಲ್ಲದ ಲೇಸರ್ ಚಿಕಿತ್ಸೆ, ಅದೇ ದಿನ ಮನೆಗೆ' ಎಂಬ ಮಾತು ಕಣ್ಣಿಗೋ ಕಿವಿಗೋ ಬೀಳುತ್ತದೆ. ಆ ಮಾತಿನಲ್ಲಿ ಎಷ್ಟು ನಿಜ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೂಲವ್ಯಾಧಿ ಎಂದರೇನು?

ಗುದದ್ವಾರದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ದಿಂಬುಗಳು ಎಲ್ಲರಲ್ಲೂ ಇರುತ್ತವೆ. ಸ್ಪ್ರಿಂಕ್ಲರ್ ಪೈಪಿನ ಜೋಡಣೆಯಲ್ಲಿ ರಬ್ಬರ್ ವಾಷರ್ ನೀರು ಸೋರದಂತೆ ತಡೆಯುವ ಹಾಗೆ, ಇವು ಮಲ ಮತ್ತು ವಾಯು ತಾನಾಗಿ ಜಾರದಂತೆ ತಡೆಯಲು ನೆರವಾಗುತ್ತವೆ. ಮಲಬದ್ಧತೆಯಿಂದ ತಿಣುಕುವುದು, ಶೌಚಕ್ಕೆ ಬಹಳ ಹೊತ್ತು ಕೂರುವುದು, ಗರ್ಭಿಣಿಯಾಗಿರುವುದು ಮುಂತಾದ ಕಾರಣಗಳಿಂದ ಈ ದಿಂಬುಗಳು ಊದಿ ಕೆಳಗೆ ಜಾರುತ್ತವೆ. ಇದೇ ಮೂಲವ್ಯಾಧಿ.

ಒಳಮೂಲವ್ಯಾಧಿಯನ್ನು ವೈದ್ಯರು ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ:

1. ರಕ್ತ ಬೀಳುತ್ತದೆ, ಗಂಟು ಹೊರಬರುವುದಿಲ್ಲ.
2. ಶೌಚದ ವೇಳೆ ಹೊರಬಂದು ತಾನೇ ಒಳಗೆ ಹೋಗುತ್ತದೆ.
3. ಬೆರಳಿನಿಂದ ಒಳಗೆ ತಳ್ಳಬೇಕಾಗುತ್ತದೆ.
4. ತಳ್ಳಿದರೂ ಒಳಗೆ ನಿಲ್ಲುವುದಿಲ್ಲ.

ಗುದನಾಳದ ಒಳಗೆ ಒಂದು ಗಡಿ ಇದೆ. ಅದರ ಮೇಲಿನ ಭಾಗಕ್ಕೆ ಚುಚ್ಚಿದರೆ ನೋವು ತಿಳಿಯುವುದಿಲ್ಲ. ಕೆಳಗಿನ ಭಾಗ ನಮ್ಮ ಚರ್ಮದಷ್ಟೇ ಸೂಕ್ಷ್ಮ. ಆದ್ದರಿಂದಲೇ ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಬೀಳುತ್ತದೆ. ಶೌಚದ ವೇಳೆ ಕತ್ತರಿಸಿದಂತೆ ನೋವಾದರೆ ಅದು ಬಹುಪಾಲು ಗುದದ ಸೀಳು; ಅದಕ್ಕೆ ಚಿಕಿತ್ಸೆಯೇ ಬೇರೆ.

ಮೊದಲ ಚಿಕಿತ್ಸೆ ಅಡುಗೆಮನೆಯಲ್ಲಿ

ಮೊದಲೆರಡು ಹಂತದ ಅನೇಕರಿಗೆ ಆಹಾರದ ಬದಲಾವಣೆಯೇ ಸಾಕಾಗುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಬೇಕು. ಬರೀ ಅನ್ನ, ಅಕ್ಕಿರೊಟ್ಟಿ, ಕಡುಬಿನಿಂದ ಅಷ್ಟು ಸಿಗದು. ಹುರುಳಿ, ಹೆಸರು, ರಾಗಿ, ಸೊಪ್ಪು, ಬಾಳೆದಿಂಡು, ಪೇರಲೆ ಸೇರಿಸಬೇಕು. ಕೊಯ್ಲಿನ ದಿನಗಳಲ್ಲಿ ತೋಟದಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೇವೆ, ಬಾಟಲಿ ಜೊತೆಗಿರಲಿ. ಮಲಪ್ರವೃತ್ತಿ ಬಂದಾಗ 'ಈ ಸಾಲು ಮುಗಿಯಲಿ' ಎಂದು ತಡೆಯಬಾರದು. ಶೌಚಕ್ಕೆ ಐದು ನಿಮಿಷ ಸಾಕು, ಮೊಬೈಲ್ ಹೊರಗಿರಲಿ. ಉರಿಯಿದ್ದರೆ ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರುವುದು ಹಿತ. ಇಸಬ್‌ಗೋಲ್ ತೆಗೆದುಕೊಳ್ಳುವವರು ಅದರ ಜೊತೆ ಸಾಕಷ್ಟು ನೀರು ಕುಡಿಯಲೇಬೇಕು.

ದೊಡ್ಡ ಕೊಯ್ತವಿಲ್ಲದ ಚಿಕಿತ್ಸೆಗಳು

ಬ್ಯಾಂಡ್ ಹಾಕುವುದು: ಕೊಂಬೆಯ ಬುಡಕ್ಕೆ ತಂತಿ ಬಿಗಿದರೆ ರಸ ಹರಿಯದೆ ತುದಿ ಒಣಗುವಂತೆ, ಗಂಟಿನ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕಿದರೆ ರಕ್ತ ಹರಿಯದೆ ಕೆಲವೇ ದಿನಗಳಲ್ಲಿ ಅದು ಉದುರುತ್ತದೆ. ನೋವಿನ ಗಡಿಯ ಮೇಲೆ ಹಾಕುವುದರಿಂದ ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಒಂದರಿಂದ ಮೂರನೆಯ ಹಂತದವರೆಗೆ ಉಪಯುಕ್ತ.

ಚುಚ್ಚುಮದ್ದು: ಗಂಟಿನ ಬುಡಕ್ಕೆ ಔಷಧಿ ಚುಚ್ಚಿ ಅದನ್ನು ಕುಗ್ಗಿಸುವುದು. ಚಿಕ್ಕ ಗಂಟುಗಳಿಗೆ ಸರಿ. ಸಂತೆಯಲ್ಲಿ ಬಂದು ಸೂಜಿ ಚುಚ್ಚುವವರಿಂದ ಮಾತ್ರ ಇದನ್ನು ಮಾಡಿಸಿಕೊಳ್ಳಬಾರದು. ತಪ್ಪಾದ ಜಾಗಕ್ಕೆ ಹೋದರೆ ಹುಣ್ಣು, ಕೀವು ಆಗಬಹುದು ಎಂದು ತಿಳಿಯಿರಿ.

ರಕ್ತನಾಳ ಕಟ್ಟುವುದು: ಡಾಪ್ಲರ್ ಯಂತ್ರದಿಂದ ರಕ್ತನಾಳವನ್ನು ಗುರುತಿಸಿ ಹೊಲಿಗೆ ಹಾಕುತ್ತಾರೆ. ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 49 ಜನರಿಗೆ, ಈ ವಿಧಾನದವರಲ್ಲಿ 30 ಜನರಿಗೆ ತೊಂದರೆ ಮರುಕಳಿಸಿತ್ತು. ಆದರೆ ಬ್ಯಾಂಡನ್ನು ಮತ್ತೊಮ್ಮೆ ಹಾಕಿಸಿಕೊಳ್ಳಬಹುದಾದ್ದರಿಂದ ಆ ಅಂತರ ಬಹಳ ಕಡಿಮೆಯಾಗುತ್ತದೆ.

ಲೇಸರ್: ಗಂಟಿನೊಳಗೆ ತೆಳು ತಂತು ತೂರಿಸಿ ಶಾಖದಿಂದ ಕುಗ್ಗಿಸುವುದು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗಿಂತ ನೋವು ಕಡಿಮೆ, ಖರ್ಚು ಬ್ಯಾಂಡಿಗಿಂತ ಹೆಚ್ಚು. ಮತ್ತೆ ಬರುವುದೇ ಇಲ್ಲ ಎಂಬ ಭರವಸೆಗೆ ಆಧಾರವಿಲ್ಲ.

ನಾಲ್ಕನೆಯ ಹಂತಕ್ಕೆ, ದೊಡ್ಡದಾದ ಮೂರನೆಯ ಹಂತಕ್ಕೆ, 1937ರಲ್ಲಿ ಲಂಡನ್ನಿನ ಮಿಲ್ಲಿಗನ್ ಮತ್ತು ಮಾರ್ಗನ್ ವಿವರಿಸಿದ ಶಸ್ತ್ರಕ್ರಿಯೆಯೇ ಇಂದಿಗೂ ಗಟ್ಟಿಯಾದ ಪರಿಹಾರ. ಕೆಲವು ವಾರ ನೋವಿರುತ್ತದೆ, ಆದರೆ ಮರುಕಳಿಸುವುದು ಕಡಿಮೆ.

ಒಪ್ಪಿಗೆ ಕೊಡುವ ಮುನ್ನ

ನನ್ನದು ಎಷ್ಟನೆಯ ಹಂತ? ಒಳಗೆ ನಳಿಕೆ ಹಾಕಿ ನೋಡಿದಿರಾ? ಇದಕ್ಕಿಂತ ಚಿಕ್ಕ ಚಿಕಿತ್ಸೆ ಸಾಲದೇ? ಒಟ್ಟು ಖರ್ಚೆಷ್ಟು? ಈ ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷಿಸದೆ ಚಿಕಿತ್ಸೆಯ ದಿನ ಗೊತ್ತುಮಾಡುವ ಕಡೆಯಿಂದ ಎದ್ದು ಬನ್ನಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ಹಾಸನ, ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ, ಬೆಂಗಳೂರಿನ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲೂ ಶಸ್ತ್ರಚಿಕಿತ್ಸಾ ತಜ್ಞರಿದ್ದಾರೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗಾಗಿಯೇ ಇದೆ. ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮುನ್ನವೇ ವಿಚಾರಿಸಿ.

ಬ್ಯಾಂಡ್ ಹಾಕಿಸಿಕೊಂಡ ಒಂದೆರಡು ವಾರದಲ್ಲಿ ಗಂಟು ಉದುರುವಾಗ ಹೆಚ್ಚು ರಕ್ತ ಹೋಗುವ ಸಾಧ್ಯತೆ ಇದೆ. ಆ ದಿನಗಳಲ್ಲಿ ವಾಹನ ಸಿಗದ ತೋಟದಲ್ಲಿ ಒಬ್ಬರೇ ಇರಬೇಡಿ, ಮೂಟೆ ಹೊರಬೇಡಿ. ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಲ್ಲ ರಕ್ತವೂ ಮೂಲವ್ಯಾಧಿಯಲ್ಲ

ಇದು ಅತಿ ಮುಖ್ಯ. ಕರುಳಿನ ಕ್ಯಾನ್ಸರ್ ಕೂಡ ರಕ್ತದಿಂದಲೇ ಶುರುವಾಗಬಹುದು. 45 ವರ್ಷ ದಾಟಿದವರಿಗೆ ಹೊಸದಾಗಿ ರಕ್ತ ಬಿದ್ದರೆ, ಮಲ ಕಪ್ಪಾದರೆ, ಶೌಚದ ಕ್ರಮ ಬದಲಾದರೆ, ತೂಕ ಇಳಿದರೆ, ರಕ್ತಹೀನತೆ ಕಂಡರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ಕೊಲೊನೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಬೇಗ ಪತ್ತೆಯಾದರೆ ಗುಣವಾಗುವ ಈ ರೋಗ, 'ಹಳೆಯ ಮೂಲವ್ಯಾಧಿ ತಾನೇ' ಎಂಬ ಉದಾಸೀನದಿಂದ ಕೈಮೀರುತ್ತದೆ.

ಈ ಪುಟವನ್ನು ಮನೆಯ ಹೆಂಗಸರಿಗೂ ತೋಟದ ಕೆಲಸಗಾರರಿಗೂ ಓದಿ ಹೇಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.