ಬೆಟ್ಟದ ಆರ್ಡರು ಮತ್ತು ಮೆಸೇಜ್ ಬ್ರೋಕರ್

ಹನೂರಿನಲ್ಲಿ ನಮ್ಮ ಅಬ್ಬಾ ಬಳೆ, ಫ್ಯಾನ್ಸಿ ಸಾಮಾನಿನ ಸಗಟು ವ್ಯಾಪಾರಿ. ಮಲೆ ಮಹದೇಶ್ವರ ಬೆಟ್ಟದ ಅಂಗಡಿಯವರು ಫೋನಿನಲ್ಲೇ ಆರ್ಡರ್ ಹೇಳುತ್ತಾರೆ. ಹೋದ ದೀಪಾವಳಿ ಜಾತ್ರೆಗೆ ಒಬ್ಬರು ಹೇಳಿದ ಆರ್ಡರನ್ನು ನಾನು ಬರೆದಿಡದೆ ಮರೆತೆ. ಜಾತ್ರೆ ಮುಗಿಯಿತು. ಅವರು ಈಗ ಬೇರೆ ಕಡೆ ಕೊಳ್ಳುತ್ತಾರೆ. ಅಬ್ಬಾ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ದೊಡ್ಡ ಕಂಪನಿಗಳಲ್ಲಿ ಮಾರಾಟ, ಗೋದಾಮು, ಲೆಕ್ಕಪತ್ರಕ್ಕೆ ಬೇರೆ ಬೇರೆ ತಂತ್ರಾಂಶಗಳಿರುತ್ತವೆ. ಒಂದು ಕೆಟ್ಟು ನಿಂತರೂ ಅದಕ್ಕೆ ಬಂದ ಸಂದೇಶ ಕಳೆಯಬಾರದು. ನಡುವೆ ನಿಂತು ಸಂದೇಶವನ್ನು ಕಾಯ್ದಿಟ್ಟು ತಲುಪಿಸುವುದೇ ಮೆಸೇಜ್ ಬ್ರೋಕರ್. 2007ರಲ್ಲಿ ಬಂದ ರ್‍ಯಾಬಿಟ್‌ಎಂಕ್ಯೂ ಅಂಥದ್ದು, ಉಚಿತವಾಗಿ ಸಿಗುತ್ತದೆ.

ಅಳವಡಿಸುವ ಕ್ರಮ:

1. ಅದು ಅರ್ಲಾಂಗ್ ಭಾಷೆಯಲ್ಲಿದೆ. ಮೊದಲು ಅರ್ಲಾಂಗ್, ನಂತರ ರ್‍ಯಾಬಿಟ್‌ಎಂಕ್ಯೂ ಹಾಕಿ.

2. ಮ್ಯಾನೇಜ್‌ಮೆಂಟ್ ಪ್ಲಗಿನ್ ಚಾಲೂ ಮಾಡಿದರೆ 15672ನೇ ಪೋರ್ಟಿನಲ್ಲಿ ಎಲ್ಲವನ್ನೂ ನೋಡಬಹುದು. ಸಂದೇಶ ಓಡಾಡುವುದು 5672ರಲ್ಲಿ.

3. 'ಗೆಸ್ಟ್' ಖಾತೆ ಅದೇ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಹೊಸ ಬಳಕೆದಾರ, ಪಾಸ್‌ವರ್ಡ್, ಅನುಮತಿ ಬೇಕು.

4. ವಿಂಗಡಿಸಲು ಎಕ್ಸ್‌ಚೇಂಜ್, ಕಾಯ್ದಿಡಲು ಕ್ಯೂ, ಎರಡನ್ನೂ ಜೋಡಿಸಲು ಬೈಂಡಿಂಗ್ ಮಾಡಿ.

5. ಕ್ಯೂ 'ಡ್ಯೂರಬಲ್', ಸಂದೇಶ 'ಪರ್ಸಿಸ್ಟೆಂಟ್' ಎರಡೂ ಆಗಿರಲಿ. ಒಂದೇ ಇದ್ದರೆ ಬ್ರೋಕರ್ ನಿಂತು ಮತ್ತೆ ಶುರುವಾದಾಗ ಸಂದೇಶ ಉಳಿಯದು.

6. ಕೆಲಸ ಮುಗಿದ ಮೇಲಷ್ಟೇ ಸ್ವೀಕೃತಿ ಕಳಿಸಬೇಕು. ಸ್ವೀಕೃತಿ ಬರುವ ಮುನ್ನ ಸಂಪರ್ಕ ಕಡಿದರೆ ಬ್ರೋಕರ್ ಮತ್ತೆ ಕೊಡುತ್ತದೆ. ಆಗ ಒಂದೇ ಆರ್ಡರ್ ಎರಡು ಸಲ ಬರಬಹುದು. ಆರ್ಡರ್ ನಂಬರ್ ನೋಡಿಕೊಳ್ಳಿ.

ಈಗ ನಮ್ಮ ಗಲ್ಲಾ ಪಕ್ಕ ಒಂದು ಪುಸ್ತಕವಿದೆ. ಆರ್ಡರ್ ಬಂದೊಡನೆ ನಂಬರ್ ಹಾಕಿ ಬರೆಯುತ್ತೇನೆ. ಮಾಲು ಬೆಟ್ಟ ತಲುಪಿತೆಂದು ಫೋನ್ ಬಂದ ಮೇಲೆಯೇ ಟಿಕ್. ಶಿವರಾತ್ರಿಗೆ ಮುಂಚೆ ಆ ಅಂಗಡಿಯ ಅಣ್ಣನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ.